ಹೊಗೆಯಿಂದ ಇಂಧನ: ನಿಜ ಎಷ್ಟು, ಖರ್ಚು ಎಷ್ಟು?

ಕೆಜಿಎಫ್/ಬಂಗಾರಪೇಟೆ: ಸೋಡಾ ಬಾಟಲಿಗೆ ತುಂಬುವ ಗ್ಯಾಸ್, ಲಾರಿ ಸೈಲೆನ್ಸರ್‌ನ ಹೊಗೆ, ಇಟ್ಟಿಗೆ ಗೂಡಿನ ಹೊಗೆ, ಮೂರರಲ್ಲೂ ಇರೋದು ಇಂಗಾಲದ ಡೈಆಕ್ಸೈಡ್. ಇದನ್ನು ಹಿಡಿದು ಮತ್ತೆ ಇಂಧನ ಮಾಡಬಹುದು ಅನ್ನೋ ಮಾತು ಸುಳ್ಳಲ್ಲ. ಆದರೆ ಪುಕ್ಕಟೆಯೂ ಅಲ್ಲ.

ಎಲ್ಲಿ ನಡೆದಿದೆ?

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರಾಧ್ಯಾಪಕ ಸೆಬಾಸ್ಟಿಯನ್ ಸಿ. ಪೀಟರ್ ಅವರ ತಂಡ, ಈ ಗ್ಯಾಸನ್ನು ಮೆಥನಾಲ್ ಆಗಿ ಬದಲಿಸುವ ವೇಗವರ್ಧಕವನ್ನು ರೂಪಿಸಿದೆ. ಅವರ 'ಬ್ರೀದ್' ತಂಡ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯ ಅಂತಿಮ 10 ತಂಡಗಳಲ್ಲಿ ಸ್ಥಾನ ಪಡೆದಿತ್ತು. ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ಎನ್‌ಟಿಪಿಸಿ ದಿನಕ್ಕೆ 10 ಟನ್ ಸಾಮರ್ಥ್ಯದ ಮೆಥನಾಲ್ ಘಟಕ ಕಟ್ಟಿದೆ.

ಖರ್ಚು ಎಲ್ಲಿ?

ಈ ಗ್ಯಾಸ್ ಒಲೆಯ ಬೂದಿ ಇದ್ದ ಹಾಗೆ, ಉರಿದು ಮುಗಿದದ್ದು. ಬೂದಿಯನ್ನು ಮತ್ತೆ ಸೌದೆ ಮಾಡಬೇಕಾದರೆ ಹೊರಗಿನಿಂದ ಶಕ್ತಿ ಕೊಡಲೇಬೇಕು. ಒಂದು ಟನ್ ಮೆಥನಾಲ್‌ಗೆ ಸುಮಾರು 1.4 ಟನ್ ಗ್ಯಾಸ್, 190 ಕೆಜಿ ಹೈಡ್ರೋಜನ್ ಬೇಕು. ನೀರನ್ನು ಒಡೆದು ಅಷ್ಟು ಹೈಡ್ರೋಜನ್ ತೆಗೆಯಲು ಹೆಚ್ಚುಕಡಿಮೆ 10 ಸಾವಿರ ಯೂನಿಟ್ ಕರೆಂಟ್ ಬೇಕು. ಕೊನೆಗೆ ಸಿಗುವ ಮೆಥನಾಲ್‌ನಲ್ಲಿ ಉಳಿಯೋದು 5,500 ಯೂನಿಟ್‌ನಷ್ಟು ಶಕ್ತಿ ಮಾತ್ರ. ಕಲ್ಲಿದ್ದಲು ಕರೆಂಟ್‌ನಲ್ಲಿ ಮಾಡಿದರೆ ಹೊಗೆ ಇನ್ನೂ ಜಾಸ್ತಿ. ಸೌರ, ಗಾಳಿ ವಿದ್ಯುತ್ ಅಗ್ಗವಾಗಿ ಸಿಕ್ಕರಷ್ಟೇ ಲೆಕ್ಕ ಕೂಡುತ್ತೆ.

ಇಲ್ಲಿಗೆ ಬರುತ್ತಾ?

1902ರಲ್ಲೇ ಶಿವನಸಮುದ್ರದ ಕರೆಂಟ್ ಕಂಡ ಊರು ಕೆಜಿಎಫ್. 2001ರಲ್ಲಿ ಗಣಿ ಮುಚ್ಚಿದ ಮೇಲೆ 'ಹೊಸ ಕಾರ್ಖಾನೆ' ಅಂದರೆ ಜನರ ಕಿವಿ ನೆಟ್ಟಗಾಗೋದು ಸಹಜ. ಆದರೆ ಇಂಥ ಘಟಕಕ್ಕೆ ಒಂದೇ ಕಡೆ ದಂಡಿಯಾಗಿ ಹೊಗೆ ಸಿಗಬೇಕು. ರಾಯಚೂರು, ಬಳ್ಳಾರಿಯ ಶಾಖೋತ್ಪನ್ನ ಸ್ಥಾವರಗಳ ಪಕ್ಕ ಅದು ಹೊಂದುತ್ತೆ. ಚದುರಿದ ಇಟ್ಟಿಗೆ ಗೂಡುಗಳಿಂದ ಗ್ಯಾಸ್ ಹಿಡಿದು ತರೋದು ಗಿಟ್ಟೋದಿಲ್ಲ.

ಅಂಗಡಿಯವರಿಗೆ ಎರಡು ಮಾತು

ಹೊಗೆಯಿಂದ ಪೆಟ್ರೋಲ್ ತೆಗೆಯುವ ಮಿಷನ್ ಅಂತ ಯಾರಾದರೂ ಅಡ್ವಾನ್ಸ್ ಕೇಳಿದರೆ, 'ಕರೆಂಟ್ ಎಷ್ಟು, ಹೈಡ್ರೋಜನ್ ಎಲ್ಲಿಂದ?' ಅಂತ ಮೊದಲು ಕೇಳಿ.

ಇನ್ನೊಂದು, ಮೆಥನಾಲ್ ವಿಷ. ವಾಸನೆ ಸಾರಾಯಿ ಥರವೇ ಇದ್ದರೂ ಸ್ವಲ್ಪ ಕುಡಿದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಥಿನ್ನರ್, ಬಣ್ಣದ ಸಾಮಾನು ಮಾರುವ ಅಂಗಡಿಗಳಲ್ಲಿ ಇದನ್ನು ನೀರಿನ ಬಾಟಲಿಗೆ ತುಂಬಿ ಇಡಲೇಬಾರದು. ಯಾರಾದರೂ ಕುಡಿದಿದ್ದಾರೆ ಅಂತ ಗೊತ್ತಾದರೆ ಕಾಯದೆ ಆಸ್ಪತ್ರೆಗೆ ಸೇರಿಸಬೇಕು.