ಕಾಡಿನ ಜಮಾ ಖರ್ಚು

ನಾವು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡ್ ಎಲ್ಲವೂ ಗಾಳಿಯಲ್ಲೇ ಉಳಿಯುವುದಿಲ್ಲ. ಸುಮಾರು ಶೇ. 30ರಷ್ಟನ್ನು ನೆಲದ ಮೇಲಿನ ಗಿಡಮರ ಮತ್ತು ಮಣ್ಣು ತೆಗೆದುಕೊಳ್ಳುತ್ತವೆ, ಸುಮಾರು ಕಾಲು ಭಾಗವನ್ನು ಸಮುದ್ರ. ಈ ಕೆಲಸಕ್ಕೆ ಕಾಡು ಇದುವರೆಗೆ ಬಿಲ್ ಕಳಿಸಿಲ್ಲ. ಬಿಸಿ ಏರಿದ ಮೇಲೂ ಅದು ಹೀಗೇ ಪುಕ್ಕಟೆ ದುಡಿಯುತ್ತದೆಯೇ? ಇದನ್ನು ತಿಳಿಯಲು ವಿಜ್ಞಾನಿಗಳು ಕಂಪ್ಯೂಟರ್ ಮಾದರಿ ತಯಾರಿಸುತ್ತಾರೆ.

ಮಾದರಿ ಎಂದರೆ ಹೆದರಬೇಕಾಗಿಲ್ಲ, ಒಳಗೆ ಇರುವುದು ಲೆಕ್ಕಪತ್ರವೇ. ಭೂಮಿಯನ್ನು ಚೌಕಗಳಾಗಿ ಭಾಗ ಮಾಡಿ ಪ್ರತಿ ಚೌಕಕ್ಕೂ ಒಂದು ಖಾತೆ ತೆರೆಯುತ್ತಾರೆ. ದ್ಯುತಿಸಂಶ್ಲೇಷಣೆಯಲ್ಲಿ ಎಲೆ ಹೀರಿಕೊಂಡ ಇಂಗಾಲ ಜಮಾ. ಗಿಡದ ಉಸಿರಾಟ, ಮಣ್ಣಿನಲ್ಲಿ ತರಗೆಲೆ ಕೊಳೆಯುವುದು, ಕಾಡ್ಗಿಚ್ಚು ಇವೆಲ್ಲ ಖರ್ಚು. ಒಂದು ಅವಧಿಯ ಅಂತಿಮ ಶಿಲ್ಕು ಮುಂದಿನ ಅವಧಿಯ ಆರಂಭಿಕ ಶಿಲ್ಕು. ಇಷ್ಟು ನಮ್ಮ ನಗದು ಪುಸ್ತಕದಂತೆಯೇ. ಕಷ್ಟವಿರುವುದು ಮುಂದೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಗಿಡ ಚೆನ್ನಾಗಿ ಬೆಳೆದು ಜಮಾ ಏರಬಹುದು. ಆದರೆ ಬಿಸಿಯೂ ಹೆಚ್ಚುವುದರಿಂದ ಮಣ್ಣಿನ ಸೂಕ್ಷ್ಮಜೀವಿಗಳು ಚುರುಕಾಗಿ ಖರ್ಚೂ ಏರುತ್ತದೆ. ಖರ್ಚಾದ ಇಂಗಾಲ ಗಾಳಿ ಸೇರಿ ಮತ್ತಷ್ಟು ಬಿಸಿ ತರುತ್ತದೆ. ಸಾಲದ ಮೇಲೆ ಚಕ್ರಬಡ್ಡಿ ಬೆಳೆದ ಹಾಗೆ.

ಮೊದಲು ಹೆಚ್ಚಿನ ಹವಾಮಾನ ಮಾದರಿಗಳಲ್ಲಿ ಕಾಡು ಬದಲಾಗುತ್ತಲೇ ಇರಲಿಲ್ಲ. 2000ರಲ್ಲಿ ಬ್ರಿಟನ್ನಿನ ಪೀಟರ್ ಕಾಕ್ಸ್ ಮತ್ತು ಸಂಗಡಿಗರು ಎರಡನ್ನೂ ಜೋಡಿಸಿ ಲೆಕ್ಕ ಹಾಕಿದರು. ಸುಮಾರು 2050ರವರೆಗೆ ನೆಲ ಇಂಗಾಲವನ್ನು ಹೀರುತ್ತದೆ, ನಂತರ ಉಗುಳತೊಡಗುತ್ತದೆ ಎಂದು ಉತ್ತರ ಬಂತು. 2100ರ ಹೊತ್ತಿಗೆ ಇಡೀ ಭೂಮಿಯ ಸರಾಸರಿ ಬಿಸಿ 4 ಡಿಗ್ರಿ ಏರುವ ಬದಲು 5.5 ಡಿಗ್ರಿ ಏರುತ್ತದೆ ಎಂದೂ ಬಂತು. ಅಮೆಜಾನ್ ಕಾಡಿನ ಬಹುಭಾಗ ಅದರಲ್ಲಿ ಒಣಗಿಹೋಗಿತ್ತು.

2006ರಲ್ಲಿ ಇಂಥ 11 ಮಾದರಿಗಳನ್ನು ಹೋಲಿಸಿದರು. ಈ ಕಾರಣದಿಂದ 2100ರಲ್ಲಿ ಗಾಳಿಗೆ ಸೇರುವ ಹೆಚ್ಚುವರಿ ಕಾರ್ಬನ್ ಡೈಆಕ್ಸೈಡ್ ದಶಲಕ್ಷಕ್ಕೆ 20 ಭಾಗ ಎಂದಿತು ಒಂದು, 200 ಎಂದಿತು ಇನ್ನೊಂದು. ಹತ್ತು ಪಟ್ಟು ಅಂತರ! ಇಂಥ ಲೆಕ್ಕ ತಂದರೆ ನಮ್ಮ ಅಕೌಂಟೆನ್ಸಿ ಸರ್ ಪುಸ್ತಕವನ್ನೇ ವಾಪಸ್ ಕೊಡುತ್ತಾರೆ. ಆದರೂ ಬಿಸಿ ಏರಿದಂತೆ ನೆಲದ ಹೀರುವ ಶಕ್ತಿ ಕುಗ್ಗುತ್ತದೆ ಎಂಬುದರಲ್ಲಿ ಹನ್ನೊಂದೂ ಒಂದೇ ಮಾತು ಹೇಳಿದವು. ನನಗೆ ಮುಖ್ಯವಾಗಿ ಕಂಡದ್ದು ಅದು.

ಬ್ರೆಜಿಲ್‌ನ ಲೂಸಿಯಾನಾ ಗಟ್ಟಿ ಅವರ ತಂಡ 2010ರಿಂದ 2018ರವರೆಗೆ ವಿಮಾನದಲ್ಲಿ ಹೋಗಿ ಅಮೆಜಾನ್ ಮೇಲಿನ ಗಾಳಿಯನ್ನು ಅಳೆಯಿತು. ಆಗ್ನೇಯ ಭಾಗದಲ್ಲಿ ಈಗಾಗಲೇ ಜಮಾಕ್ಕಿಂತ ಖರ್ಚು ಹೆಚ್ಚಾಗಿತ್ತು. ಅಲ್ಲಿ ಬಿಸಿಯ ಜೊತೆ ಕಾಡು ಕಡಿಯುವುದೂ ಬೆಂಕಿ ಹಚ್ಚುವುದೂ ಸೇರಿವೆ.

2015ರಲ್ಲಿ ನಮ್ಮ ದೇಶ ಒಂದು ವಾಗ್ದಾನ ಕೊಟ್ಟಿದೆ. 2030ರೊಳಗೆ ಕಾಡು ಮತ್ತು ಮರಗಳ ಮೂಲಕ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಹೀರಿಸುತ್ತೇವೆ ಎಂದು. ನಾವು ಜಮಾ ಕಡೆ ಬರೆದುಕೊಂಡ ಈ ಮೊತ್ತ ಎಷ್ಟು ವರ್ಷ ಖಾತೆಯಲ್ಲಿ ನಿಲ್ಲುತ್ತದೆ ಎಂಬುದನ್ನೂ ಇಂಥ ಮಾದರಿಗಳೇ ಹೇಳಬೇಕು.