ಹಿತ್ತಿಲಲ್ಲಿ ಹುಟ್ಟಿದ ದೋಣಿ, ಮುರಿಯದ ದಾಖಲೆ

ನೀರಿನ ಮೇಲಿನ ವೇಗದ ವಿಶ್ವದಾಖಲೆ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಯಾವುದಾದರೂ ನೌಕಾಪಡೆಯ ಅಥವಾ ಭಾರಿ ಹಡಗು ಕಂಪನಿಯ ಹೆಸರನ್ನು ನಿರೀಕ್ಷಿಸುವವರೇ ಹೆಚ್ಚು. ವಾಸ್ತವ ಬೇರೆ. 1978ರ ಅಕ್ಟೋಬರ್ 8ರಂದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಬ್ಲೋವರಿಂಗ್ ಜಲಾಶಯದಲ್ಲಿ ಗಂಟೆಗೆ 511.11 ಕಿಲೋಮೀಟರ್ ಸರಾಸರಿ ವೇಗದಲ್ಲಿ ಧಾವಿಸಿದ 'ಸ್ಪಿರಿಟ್ ಆಫ್ ಆಸ್ಟ್ರೇಲಿಯಾ' ಎಂಬ ದೋಣಿ ಸಿದ್ಧವಾದದ್ದು ಸಿಡ್ನಿ ನಗರದ ಒಂದು ಮನೆಯ ಹಿತ್ತಿಲಲ್ಲಿ. ಅದನ್ನು ವಿನ್ಯಾಸಗೊಳಿಸಿದವರು, ಕಟ್ಟಿದವರು ಮತ್ತು ಓಡಿಸಿದವರು ಒಬ್ಬರೇ. ಅವರ ಹೆಸರು ಕೆನ್ ವಾರ್ಬಿ. ಜೀವನೋಪಾಯಕ್ಕೆ ಅವರು ಮಾಡುತ್ತಿದ್ದುದು ವಿದ್ಯುತ್ ಚಾಲಿತ ಉಪಕರಣಗಳ ಮಾರಾಟ.

ನಾಲ್ಕು ದಶಕಗಳು ಉರುಳಿದರೂ ಆ ದಾಖಲೆ ಅಳಿದಿಲ್ಲ. ಮುರಿಯಲು ಹೊರಟ ಇಬ್ಬರು ಪ್ರಾಣವನ್ನೇ ತೆತ್ತಿದ್ದಾರೆ. ಹವ್ಯಾಸಿಯೊಬ್ಬನ ಮರದ ದೋಣಿಗೆ ದಕ್ಕಿದ್ದು ಇತರರಿಗೆ ಏಕೆ ದಕ್ಕಲಿಲ್ಲ? ಉತ್ತರ ಅಡಗಿರುವುದು ದೋಣಿಯ ಒಡಲಿನ ಆಕಾರದಲ್ಲಿ ಮತ್ತು ಆ ಆಕಾರವನ್ನು ಪರೀಕ್ಷೆಗೆ ಒಡ್ಡಿದ ತಾಳ್ಮೆಯಲ್ಲಿ.

ಸೀಳುವುದಲ್ಲ, ಏರುವುದು

ಸಾಮಾನ್ಯ ದೋಣಿ ನೀರನ್ನು ಪಕ್ಕಕ್ಕೆ ತಳ್ಳುತ್ತ ಮುಂದೆ ಸಾಗುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ವೇಗ ಹೆಚ್ಚಿದಂತೆ ದೋಣಿಯೇ ಎಬ್ಬಿಸಿದ ಅಲೆ ಅದರ ಉದ್ದದಷ್ಟೇ ಉದ್ದವಾಗಿ ಬೆಳೆಯುತ್ತದೆ. ಆಗ ದೋಣಿ ತಾನೇ ತೋಡಿದ ಹಳ್ಳದಲ್ಲಿ ಸಿಲುಕಿ, ಎದುರಿನ ಅಲೆಯ ಏರನ್ನು ಹತ್ತಲಾರದೆ ಒದ್ದಾಡುತ್ತದೆ. ನೀರಿನ ಮಟ್ಟದಲ್ಲಿ 5 ಮೀಟರ್ ಉದ್ದವಿರುವ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 10 ಕಿಲೋಮೀಟರ್ ಮಾತ್ರ. ಅಲ್ಲಿಂದಾಚೆಗೆ ಎಂಜಿನ್ನಿನ ಶಕ್ತಿ ಹೆಚ್ಚಿಸಿದರೂ ಫಲ ಅಲ್ಪ.

ಈ ಮಿತಿಯನ್ನು ದಾಟುವ ದಾರಿ ಒಂದೇ. ದೋಣಿ ನೀರಿನ ಒಳಗಿರುವುದನ್ನು ಬಿಟ್ಟು ನೀರಿನ ಮೇಲೇರಬೇಕು. ಕೆರೆಯ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ಅದು ಮುಳುಗದೆ ಪುಟಿಯುತ್ತ ಹೋಗುವುದನ್ನು ನೋಡದವರಿಲ್ಲ. ವೇಗದ ದೋಣಿಯ ತಳವೂ ಹೀಗೆಯೇ ಸ್ವಲ್ಪ ಓರೆಯಾಗಿ ನೀರನ್ನು ಕೆಳಕ್ಕೆ ಒತ್ತುತ್ತದೆ, ನೀರು ದೋಣಿಯನ್ನು ಮೇಲಕ್ಕೆ ಎತ್ತುತ್ತದೆ. ತೇವಗೊಂಡ ತಳದ ವಿಸ್ತಾರ ಕಡಿಮೆಯಾದಂತೆ ಘರ್ಷಣೆಯೂ ಇಳಿಯುತ್ತದೆ.

ಚಪ್ಪಟೆ ತಳ ಬೇಗನೆ ಮೇಲೇರುತ್ತದೆ, ಆದರೆ ಅಲೆಗಳಿದ್ದಾಗ ಬೆನ್ನು ಮುರಿಯುವಂತೆ ಅಪ್ಪಳಿಸುತ್ತದೆ. ಅಮೆರಿಕದ ರೇ ಹಂಟ್ ಇದಕ್ಕೆ ಪರಿಹಾರ ಕಂಡರು. ನೌಕಾ ವಿನ್ಯಾಸದಲ್ಲಿ ವಿಧಿವತ್ತಾದ ಶಿಕ್ಷಣ ಪಡೆಯದಿದ್ದ ಅವರು ದೋಣಿಯ ತಳವನ್ನು ಹಿಂತುದಿಯವರೆಗೂ ಆಳವಾದ 'ವಿ' ಆಕಾರದಲ್ಲಿ ರೂಪಿಸಿದರು. 1960ರ ಮಯಾಮಿ-ನಸಾವು ಸಾಗರ ಸ್ಪರ್ಧೆಯಲ್ಲಿ, ಕೆರಳಿದ ಕಡಲಿನಲ್ಲಿ ಅವರ ವಿನ್ಯಾಸದ 'ಮಾಪಿ' ಗೆದ್ದ ಮೇಲೆ ಆ ಆಕಾರ ಜಗತ್ತಿನಾದ್ಯಂತ ಹರಡಿತು.

ಮೂರೇ ಬಿಂದುಗಳ ಆಸರೆ

ಸ್ಪರ್ಧೆಯ ದೋಣಿಗೆ ಅಷ್ಟು ಸಾಲದು. ನೀರಿನ ಸ್ಪರ್ಶ ಇನ್ನೂ ಕಡಿಮೆಯಾಗಬೇಕು. ಇದಕ್ಕಾಗಿ ಒಡಲಿನ ಮುಂಭಾಗದ ಎರಡೂ ಪಕ್ಕಗಳಲ್ಲಿ ಪುಟ್ಟ ತೇಲುಗಾಲುಗಳನ್ನು ಜೋಡಿಸಲಾಗುತ್ತದೆ. ಇವುಗಳ ಹೆಸರು ಸ್ಪಾನ್ಸನ್. ವೇಗ ಏರಿದಾಗ ದೋಣಿ ಈ ಎರಡು ಕಾಲುಗಳ ಮತ್ತು ಹಿಂತುದಿಯ ಮೇಲೆ, ಮುಕ್ಕಾಲಿಯಂತೆ ಮೂರೇ ಕಡೆ ನೀರನ್ನು ತಾಕುತ್ತ ಓಡುತ್ತದೆ.

ಈ ವಿನ್ಯಾಸವನ್ನು ಬೆಳೆಸುವಲ್ಲಿಯೂ ಹವ್ಯಾಸಿಗಳ ಪಾತ್ರ ದೊಡ್ಡದು. ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ಉದ್ಯೋಗಿಯಾಗಿದ್ದ ಟೆಡ್ ಜೋನ್ಸ್ ರೂಪಿಸಿದ 'ಸ್ಲೋ-ಮೋ-ಶನ್ 4' ದೋಣಿಯಲ್ಲಿ ಅರ್ಧ ಮಾತ್ರ ಮುಳುಗಿ ತಿರುಗುವ ಪ್ರೊಪೆಲ್ಲರೇ ಮೂರನೆಯ ಆಸರೆಯಾಯಿತು. 1950ರ ಜೂನ್ 26ರಂದು ಸಿಯಾಟಲ್‌ನ ವಾಷಿಂಗ್ಟನ್ ಸರೋವರದಲ್ಲಿ ಅದು ಗಂಟೆಗೆ ಸುಮಾರು 258 ಕಿಲೋಮೀಟರ್ ವೇಗ ಮುಟ್ಟಿ, ಬ್ರಿಟನ್ನಿನ ಮಾಲ್ಕಂ ಕ್ಯಾಂಪ್‌ಬೆಲ್ 1939ರಲ್ಲಿ ಸ್ಥಾಪಿಸಿದ್ದ ದಾಖಲೆಯನ್ನು ಹಿಂದಿಕ್ಕಿತು.

ನೀರಲ್ಲ, ಗಾಳಿಯೇ ವೈರಿ

ನೀರಿನ ಹಿಡಿತದಿಂದ ಪಾರಾದ ದೋಣಿಗೆ ಹೊಸ ವೈರಿ ಎದುರಾಗುತ್ತದೆ. ಒಡಲಿನ ಅಡಿಗೆ ನುಗ್ಗುವ ಗಾಳಿ ಅದನ್ನು ವಿಮಾನದ ರೆಕ್ಕೆಯಂತೆ ಮೇಲೆತ್ತುತ್ತದೆ. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ, ದೋಣಿಯ ತೂಕ ಮಾತ್ರ ಇದ್ದಷ್ಟೇ ಇರುತ್ತದೆ. ಸಣ್ಣದೊಂದು ಅಲೆ ತಾಗಿ ಮೂತಿ ತುಸು ಮೇಲೆದ್ದರೆ ಇನ್ನಷ್ಟು ಗಾಳಿ ಅಡಿಗೆ ಸೇರುತ್ತದೆ, ಮೂತಿ ಇನ್ನಷ್ಟು ಏಳುತ್ತದೆ. ಒಂದು ಮಿತಿ ದಾಟಿದ ಮೇಲೆ ಚಾಲಕ ಮಾಡಬಹುದಾದದ್ದು ಏನೂ ಉಳಿಯುವುದಿಲ್ಲ. ದೋಣಿ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ.

1967ರ ಜನವರಿ 4ರಂದು ಇಂಗ್ಲೆಂಡಿನ ಕೋನಿಸ್ಟನ್ ಸರೋವರದಲ್ಲಿ ಮಾಲ್ಕಂ ಅವರ ಪುತ್ರ ಡೊನಾಲ್ಡ್ ಕ್ಯಾಂಪ್‌ಬೆಲ್ ಹೀಗೆಯೇ ಮಡಿದರು. 'ಬ್ಲೂಬರ್ಡ್ ಕೆ-7' ಮೊದಲ ಓಟದಲ್ಲಿ ಗಂಟೆಗೆ ಸುಮಾರು 479 ಕಿಲೋಮೀಟರ್ ವೇಗ ತಲುಪಿತ್ತು. ದಾಖಲೆಗೆ ಎರಡೂ ದಿಕ್ಕಿನ ಓಟಗಳ ಸರಾಸರಿ ಬೇಕು. ಇನ್ನೂ ಹೆಚ್ಚಿನ ವೇಗದಲ್ಲಿ ಮರಳುವಾಗ ಮೂತಿ ಮೇಲೆದ್ದು ದೋಣಿ ಮಗುಚಿತು. ಅದರಲ್ಲಿದ್ದದ್ದು ಆರ್ಫಿಯಸ್ ಜೆಟ್ ಎಂಜಿನ್. ಇದೇ ಮಾದರಿಯ ಎಂಜಿನ್ನನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ನ್ಯಾಟ್ ಮತ್ತು ಮಾರುತ್ ಯುದ್ಧವಿಮಾನಗಳಿಗಾಗಿ ಪರವಾನಗಿ ಪಡೆದು ತಯಾರಿಸುತ್ತಿತ್ತು. ಆಕಾಶಕ್ಕೆ ಏರಲೆಂದೇ ಹುಟ್ಟಿದ ಶಕ್ತಿಯನ್ನು ನೀರಿನ ಮೇಲೆಯೇ ಹಿಡಿದಿಡುವುದು ಎಷ್ಟು ಕಠಿಣ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹಿತ್ತಿಲ ಪ್ರಯೋಗಶಾಲೆ

ವಾರ್ಬಿ ಈ ಅಪಾಯವನ್ನು ಅರಿತಿದ್ದರು. ವೆಸ್ಟಿಂಗ್‌ಹೌಸ್ ಜೆ-34 ಜೆಟ್ ಎಂಜಿನ್ನನ್ನು ವಾಯುಪಡೆಯ ಬಳಸಿ ಬಿಟ್ಟ ಸಾಮಗ್ರಿಗಳ ಹರಾಜಿನಲ್ಲಿ ಅಗ್ಗದ ಬೆಲೆಗೆ ಕೊಂಡರು. ಒಡಲನ್ನು ಮರ, ಪ್ಲೈವುಡ್ ಮತ್ತು ಫೈಬರ್‌ಗ್ಲಾಸ್‌ಗಳಿಂದ ಕಟ್ಟಿದರು. ಖರ್ಚಿಗಾಗಿ ತಾವೇ ಬಿಡಿಸಿದ ತೈಲವರ್ಣ ಚಿತ್ರಗಳನ್ನು ಮಾರಿದರು. ಹಣ ಕಡಿಮೆಯಿತ್ತು, ಆದರೆ ಸಲಹೆ ಕೇಳಲು ಸಂಕೋಚವಿರಲಿಲ್ಲ. ಹಿಂದೆ ಬ್ಲೂಬರ್ಡ್ ಯೋಜನೆಯಲ್ಲಿ ದುಡಿದಿದ್ದ, ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟಾಮ್ ಫಿಂಕ್ ಅವರ ಮಾರ್ಗದರ್ಶನದಲ್ಲಿ ದೋಣಿಯ ಮಾದರಿಯನ್ನು ಗಾಳಿ ಸುರಂಗದಲ್ಲಿ ಪರೀಕ್ಷಿಸಲಾಯಿತು.

ಬಳಿಕ ನಡೆದದ್ದು ಮೆಟ್ಟಿಲು ಹತ್ತುವ ಕೆಲಸ. ಒಂದೇ ಜಿಗಿತದಲ್ಲಿ ಗುರಿ ಮುಟ್ಟುವ ಆತುರವಿರಲಿಲ್ಲ. ಓಟ, ತಿದ್ದುಪಡಿ, ಮತ್ತೆ ಓಟ ಎಂಬ ಕ್ರಮ ವರ್ಷಗಳ ಕಾಲ ಸಾಗಿತು. 1977ರ ನವೆಂಬರ್ 20ರಂದು ಗಂಟೆಗೆ 464.46 ಕಿಲೋಮೀಟರ್ ವೇಗದೊಂದಿಗೆ ಅಮೆರಿಕದ ಲೀ ಟೇಲರ್ ಅವರ ಹತ್ತು ವರ್ಷಗಳ ದಾಖಲೆ ಬಿತ್ತು. ಮರುವರ್ಷ 500ರ ಗಡಿಯೂ ದಾಟಿತು.

ದಾಖಲೆಯನ್ನು ಮರಳಿ ಪಡೆಯಲು ಟೇಲರ್ ರಾಕೆಟ್ ದೋಣಿಯೊಂದಿಗೆ ಬಂದರು. 1980ರ ನವೆಂಬರ್ 13ರಂದು ಟಾಹೋ ಸರೋವರದಲ್ಲಿ ಅವರು ಅಸುನೀಗಿದರು. 1989ರ ಜುಲೈನಲ್ಲಿ ಫ್ಲಾರಿಡಾದಲ್ಲಿ ಕ್ರೇಗ್ ಆರ್ಫನ್ಸ್ ಅವರೂ ಅದೇ ಹಾದಿ ಹಿಡಿದರು. ಶಕ್ತಿಯನ್ನು ಹಣ ಕೊಟ್ಟು ಕೊಳ್ಳಬಹುದು, ಸ್ಥಿರತೆಯನ್ನು ಮಾತ್ರ ಓಡಿಸಿ, ಅಳೆದು, ತಿದ್ದಿಯೇ ಗಳಿಸಬೇಕು.

ಸಣ್ಣ ದೋಣಿಗೂ ಅದೇ ಪಾಠ

ಇಂದು ವಿವಿಧ ದೇಶಗಳಲ್ಲಿ ಹವ್ಯಾಸಿಗಳು ಪ್ಲೈವುಡ್ ಮತ್ತು ಅಂಟಿನಿಂದ ಸಣ್ಣ ವೇಗದ ದೋಣಿಗಳನ್ನು ಕಟ್ಟುತ್ತಾರೆ. ಒಡಲಿನ ರೇಖೆಗಳನ್ನು ಕಂಪ್ಯೂಟರ್ ಎಳೆದುಕೊಡುತ್ತದೆ. ಆದರೆ ಭೌತಶಾಸ್ತ್ರದ ನಿಯಮ ಬದಲಾಗಿಲ್ಲ. ಗುರುತ್ವ ಕೇಂದ್ರ ತೀರಾ ಹಿಂದಿದ್ದರೆ ಮೂತಿ ಒಂದೇ ಸಮನೆ ಏಳುತ್ತ ಬೀಳುತ್ತ ಕುಣಿಯತೊಡಗುತ್ತದೆ. ತೀರಾ ಮುಂದಿದ್ದರೆ ಮೂತಿ ನೀರಿಗೆ ಚುಚ್ಚಿ ದಿಕ್ಕು ತಪ್ಪುತ್ತದೆ. ಚಾಲಕನ ಆಸನವನ್ನೋ ಇಂಧನದ ಟ್ಯಾಂಕನ್ನೋ ಸ್ವಲ್ಪ ಸರಿಸಿದರೂ ದೋಣಿಯ ಸ್ವಭಾವವೇ ಬದಲಾಗಬಲ್ಲದು. ಆದ್ದರಿಂದಲೇ ಅನುಭವಿಗಳು ಮೊದಲು ಚಿಕ್ಕ ಮಾದರಿಯನ್ನು ಓಡಿಸಿ ನೋಡುತ್ತಾರೆ, ಪ್ರತಿ ಓಟದ ನಡುವೆ ಒಂದೇ ಒಂದು ಬದಲಾವಣೆ ಮಾಡುತ್ತಾರೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರದು, ದೋಷ ಯಾವುದರದು ಎಂಬುದು ತಿಳಿಯುವುದಿಲ್ಲ.

ಕೆನ್ ವಾರ್ಬಿ 2023ರ ಫೆಬ್ರವರಿಯಲ್ಲಿ, ತಮ್ಮ 83ನೇ ವಯಸ್ಸಿನಲ್ಲಿ ನಿಧನರಾದರು. ಅಷ್ಟು ವೇಗದಲ್ಲಿ ನೀರಿನ ಮೇಲೆ ಓಡಿಯೂ ಅವರು ತುಂಬು ಬಾಳು ಬಾಳಿದರು ಎಂಬುದೇ ಅವರ ವಿನ್ಯಾಸಕ್ಕೆ ದೊರೆತ ಅತಿ ದೊಡ್ಡ ಪ್ರಮಾಣಪತ್ರ. ಅವರು ಹಿತ್ತಿಲಲ್ಲಿ ಕಟ್ಟಿದ ದೋಣಿ ಸಿಡ್ನಿಯಲ್ಲಿರುವ ಆಸ್ಟ್ರೇಲಿಯಾದ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ಆಸ್ತಿಯಾಗಿದೆ.