ಕೊರಿಯಾದಲ್ಲಿ ಪಾರ್ಟ್‌ಟೈಮ್ ಮಾಡಿ ಫೀಸ್ ಕಟ್ಟಬಹುದಾ? ಲೆಕ್ಕ ಹಾಕಿ ನೋಡೋಣ

ನಾನು ಬಿ.ಕಾಂ ಮುಗಿಸಿ, ಆಮೇಲೆ ಬುಸಾನ್‌ನಲ್ಲಿ ಎರಡು ವರ್ಷ ಮಾಸ್ಟರ್ಸ್ ಮಾಡಿ ಬಂದವನು ಅನ್ನೋದು ಹಳೇ ಕೇಳುಗರಿಗೆ ಗೊತ್ತು. ಹಾಗಾಗಿ ಕೊರಿಯಾ ಬಗ್ಗೆ ವಾಯ್ಸ್ ನೋಟ್‌ಗಳು ಬರ್ತಾನೇ ಇರುತ್ತೆ. ಹೆಚ್ಚಿನವರದ್ದು ಒಂದೇ ಪ್ರಶ್ನೆ: "ಅಲ್ಲಿ ಪಾರ್ಟ್‌ಟೈಮ್ ಮಾಡ್ಕೊಂಡು ಫೀಸ್ ಕಟ್ಟಬಹುದಾ?" ಕಳೆದ ವಾರ ಮಲೆನಾಡಿನ ಒಬ್ಬ ಹುಡುಗ ಕಳಿಸಿದ್ದ. ಅವರಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆಯೋಕೆ ಓಡಾಡ್ತಿದ್ದಾರೆ. ಏಜೆಂಟ್ ಹೇಳಿದ್ದಾನಂತೆ, "ಮೊದಲ ವರ್ಷದ್ದು ಕಟ್ಟಿ ಸಾಕು, ಉಳಿದಿದ್ದು ಮಗನೇ ದುಡೀತಾನೆ" ಅಂತ. ಹಾಗಾಗಿ ಇವತ್ತು ಕೆ-ಡ್ರಾಮಾ ಇಲ್ಲ, ಬಿಟಿಎಸ್ ಇಲ್ಲ. ನೇರ ಲೆಕ್ಕ.

ಮೊದಲು ಒಂದು ಎಚ್ಚರಿಕೆ. ವನ್ ಅನ್ನೋ ಕರೆನ್ಸಿ ಕಿವಿಗೆ ಮೋಸ ಮಾಡುತ್ತೆ. "ತಿಂಗಳಿಗೆ ಒಂಬತ್ತು ಲಕ್ಷ" ಅಂದ ತಕ್ಷಣ ನಮ್ಮ ಕಿವಿ ನೆಟ್ಟಗಾಗುತ್ತೆ. ಆದರೆ ಸಾವಿರ ವನ್ ಅಂದ್ರೆ ಹೆಚ್ಚುಕಡಿಮೆ 60 ರೂಪಾಯಿ. ಒಂಬತ್ತು ಲಕ್ಷ ವನ್ ಅಂದ್ರೆ ಸುಮಾರು 54 ಸಾವಿರ ರೂಪಾಯಿ, ಅಷ್ಟೇ. ಇನ್ನು ಮುಂದೆ ಯಾರು ವನ್‌ನಲ್ಲಿ ಹೇಳಿದ್ರೂ ಮನಸ್ಸಲ್ಲೇ ರೂಪಾಯಿ ಮಾಡ್ಕೊಳ್ಳಿ.

ಈಗ ದುಡಿಮೆ. ಕೊರಿಯಾದಲ್ಲಿ ಕನಿಷ್ಠ ಕೂಲಿ 2026ಕ್ಕೆ ಗಂಟೆಗೆ 10,320 ವನ್. ವಾರಕ್ಕೆ 20 ಗಂಟೆ ಕೆಲಸ ಸಿಕ್ತು ಅಂದ್ಕೊಳ್ಳಿ, ತಿಂಗಳಿಗೆ ಆ ಒಂಬತ್ತು ಲಕ್ಷದ ಹತ್ತಿರ ಬರುತ್ತೆ. ಖರ್ಚು? ಬುಸಾನ್ ಥರದ ಊರಲ್ಲಿ ಒಂದು ರೂಮಿಗೆ ನಾಲ್ಕು ಲಕ್ಷ, ಊಟಕ್ಕೆ ನಾಲ್ಕು ಲಕ್ಷ ಇಡಿ. 2021ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಆರೋಗ್ಯ ವಿಮೆ ಕಡ್ಡಾಯ, ಅದು ರಿಯಾಯಿತಿ ಕಳೆದೂ ತಿಂಗಳಿಗೆ 70 ಸಾವಿರ ದಾಟುತ್ತೆ. ಮೊಬೈಲು, ಬಸ್ಸು ಸೇರಿಸಿದ್ರೆ ಒಂಬತ್ತು ಲಕ್ಷ ಮುಗೀತು. ಫೀಸ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಡಿಗ್ರಿ ಕೋರ್ಸುಗಳ ಸರಾಸರಿ ಫೀಸ್ 2024ರಲ್ಲಿ ವರ್ಷಕ್ಕೆ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸುಮಾರು 42 ಲಕ್ಷ ವನ್, ಖಾಸಗಿಯಲ್ಲಿ ಸುಮಾರು 76 ಲಕ್ಷ ವನ್. ಸೋಲ್‌ನಲ್ಲಾದರೆ ಬಾಡಿಗೆ ಇನ್ನೂ ಮೇಲೆ.

ಅಂದ್ರೆ ಉತ್ತರ ಇಷ್ಟು: ಪಾರ್ಟ್‌ಟೈಮ್ ನಿಮ್ಮ ಹೊಟ್ಟೆ ಮತ್ತು ಸೂರು ನೋಡ್ಕೊಳ್ಳುತ್ತೆ. ಫೀಸ್ ನೋಡ್ಕೊಳ್ಳಲ್ಲ. ರಜೆಯಲ್ಲಿ ಜಾಸ್ತಿ ದುಡಿದು ಸ್ವಲ್ಪ ಉಳಿಸೋರು ಇದ್ದಾರೆ, ಆದರೆ ಅದನ್ನ ನಂಬ್ಕೊಂಡು ತೋಟ ಅಡ ಇಡೋ ಹಾಗಿಲ್ಲ.

ಇಷ್ಟಾದರೂ 20 ಗಂಟೆ ಕೆಲಸ ಸಿಕ್ಕೇ ಸಿಗುತ್ತೆ ಅಂತ ನಾನು ಅಂದ್ಕೊಂಡು ಹಾಕಿದ ಲೆಕ್ಕ ಇದು. ಅಸಲಿ ವಿಷಯ ಇರೋದೇ ಅಲ್ಲಿ.

ಡಿಗ್ರಿ, ಮಾಸ್ಟರ್ಸ್ ಓದೋಕೆ ಹೋಗೋರಿಗೆ ಸಿಗೋದು ಡಿ-2 ವೀಸಾ. ಬರೀ ಕೊರಿಯನ್ ಭಾಷೆ ಕಲಿಯೋಕೆ ಹೋದ್ರೆ ಡಿ-4, ಅದರಲ್ಲಿ ಮೊದಲ ಆರು ತಿಂಗಳು ಕೆಲಸ ಮಾಡೋ ಹಾಗೇ ಇಲ್ಲ. ಡಿ-2ನವರೂ ಮೊದಲು ಯೂನಿವರ್ಸಿಟಿಯ ಸಹಿ, ಆಮೇಲೆ ಇಮಿಗ್ರೇಷನ್ ಅನುಮತಿ, ಎರಡೂ ತಗೊಂಡೇ ಕೆಲಸಕ್ಕೆ ಸೇರಬೇಕು. ಎಷ್ಟು ಗಂಟೆ ಅನ್ನೋದನ್ನ ನಿರ್ಧರಿಸೋದು ಟಾಪಿಕ್, ಅಂದ್ರೆ ಕೊರಿಯನ್ ಭಾಷಾ ಪರೀಕ್ಷೆ. ಅದರಲ್ಲಿ ಆರು ಲೆವೆಲ್. ಡಿಗ್ರಿಯ ಮೊದಲೆರಡು ವರ್ಷಕ್ಕೆ 3ನೇ ಲೆವೆಲ್, ಅದರ ಮೇಲಿನವರಿಗೆ 4ನೇದು ಇದ್ರೆ ಪೂರ್ತಿ ಗಂಟೆ. ಇಲ್ಲಾಂದ್ರೆ ತುಂಬಾ ಕಡಿಮೆ ಗಂಟೆ ಸಿಗುತ್ತೆ.

ಇಂಗ್ಲಿಷ್‌ನಲ್ಲೇ ಪಾಠ ನಡೆಯೋ ಕೋರ್ಸಿನವರು ಇಂಗ್ಲಿಷ್ ಸ್ಕೋರ್ ತೋರಿಸಿಯೂ ಅನುಮತಿ ಪಡೀಬಹುದು. ಏಜೆಂಟರು ಇದನ್ನ ದೊಡ್ಡದಾಗಿ ಹೇಳ್ತಾರೆ. ಸುಳ್ಳಲ್ಲ. ಆದರೆ ಇಮಿಗ್ರೇಷನ್ ಕೊಡೋದು ಅನುಮತಿ, ಕೆಲಸ ಕೊಡೋದು ಅಂಗಡಿಯವನು. ರಾತ್ರಿ ಹನ್ನೊಂದಕ್ಕೆ ಕನ್ವೀನಿಯನ್ಸ್ ಸ್ಟೋರಿಗೆ ಬಂದ ಅಜ್ಜ "ಬೊಂಗ್ತು ಜುಸೆಯೊ" ಅಂದ್ರೆ ಚೀಲ ಕೇಳ್ತಿದ್ದಾನೆ ಅಂತ ನಿಮಗೆ ಗೊತ್ತಾಗಬೇಕು. ಗೊತ್ತಾಗಲ್ಲ ಅಂದ್ರೆ ಉಳಿಯೋದು ಹೋಟೆಲ್ ಹಿಂದಿನ ಪಾತ್ರೆ ತೊಳೆಯೋ ಕೆಲಸ. ಡೆಲಿವರಿ ಆ್ಯಪ್ ಓಡಿಸೋಣ ಅಂದ್ರೆ ವಿದ್ಯಾರ್ಥಿ ವೀಸಾದಲ್ಲಿ ಅದಕ್ಕೆ ಅವಕಾಶ ಇಲ್ಲ.

ಇನ್ನೊಂದು ವಿಷಯ, ಇದನ್ನ ಯಾರೂ ಮೊದಲೇ ಹೇಳಲ್ಲ. ವಾರಕ್ಕೆ 15 ಗಂಟೆ ಅಥವಾ ಮೇಲೆ ಕೆಲಸ ಮಾಡಿದ್ರೆ, ತಪ್ಪದೆ ಹಾಜರಾಗಿದ್ರೆ, ವಾರದ ರಜೆಯ ಸಂಬಳ ಅಂತ ಒಂದು ದಿನದ ಕೂಲಿ ಹೆಚ್ಚುವರಿ ಕೊಡಬೇಕು ಅನ್ನೋದು ಅಲ್ಲಿನ ಕಾನೂನು. ಅದಕ್ಕೇ ಎಷ್ಟೋ ಅಂಗಡಿಗಳು 14 ಗಂಟೆಗೆ ನಿಲ್ಲಿಸಿಬಿಡ್ತವೆ! ನನಗೂ ಮೊದಲ ಕೆಲಸದಲ್ಲಿ ಸಿಕ್ಕಿದ್ದು ವಾರಕ್ಕೆ 14 ಗಂಟೆಯೇ. ಇಂಥದ್ದನ್ನ ಕೇಳಿ ತಿಳ್ಕೊಳ್ಳೋಕೂ, ಬೇಕಾದ್ರೆ ವಾದ ಮಾಡೋಕೂ ಭಾಷೆ ಬೇಕು.

ಕ್ಲಾಸಿನ ಕಥೆಯೂ ಬೇರೆ ಇಲ್ಲ. ಸ್ಲೈಡ್ ಇಂಗ್ಲಿಷ್‌ನಲ್ಲಿ ಇರುತ್ತೆ, ಪ್ರೊಫೆಸರ್ ಇಂಗ್ಲಿಷ್‌ನಲ್ಲೇ ಶುರು ಮಾಡ್ತಾರೆ, ಯಾರೋ ಕೊರಿಯನ್‌ನಲ್ಲಿ ಡೌಟ್ ಕೇಳ್ತಾರೆ, ಮುಂದಿನ ಹತ್ತು ನಿಮಿಷ ನೀವು ಕಿಟಕಿ ನೋಡ್ತಾ ಕೂರ್ತೀರಿ. ಗ್ರೂಪ್ ಪ್ರಾಜೆಕ್ಟಿನ ಮಾತೆಲ್ಲ ಕಕಾವೊ ಟಾಕ್‌ನಲ್ಲಿ, ಕೊರಿಯನ್‌ನಲ್ಲಿ. ಓದು ಮುಗಿದ ಮೇಲೆ ಕೆಲಸ ಹುಡುಕೋಕೆ ಡಿ-10, ಕೆಲಸ ಸಿಕ್ಕರೆ ಇ-7 ಅಂತ ವೀಸಾಗಳಿವೆ. ಇಂಟರ್‌ವ್ಯೂ ಯಾವ ಭಾಷೇಲಿ ಅಂತ ಇನ್ನು ನಾನು ಹೇಳಬೇಕಾಗಿಲ್ಲ.

ಆದರೆ ಇಲ್ಲೊಂದು ಖುಷಿ ಸುದ್ದಿ, ಅದೂ ಕನ್ನಡದವರಿಗೆ. ಕೊರಿಯನ್ ವಾಕ್ಯದ ಜೋಡಣೆ ಹೆಚ್ಚುಕಡಿಮೆ ನಮ್ಮದೇ. ಕ್ರಿಯಾಪದ ಕೊನೆಗೆ, ವಿಭಕ್ತಿ ಪದದ ಬಾಲಕ್ಕೆ. "ನಾನು ನಾಳೆ ಸ್ಕೂಲಿಗೆ ಹೋಗ್ತೀನಿ" ಅನ್ನೋದು "ನಾನುನ್ ನೆಇಲ್ ಹಕ್ಯೊಎ ಗಾಯೊ". ಒಂದೊಂದು ಪದ ಎತ್ತಿ ಅದೇ ಜಾಗದಲ್ಲಿ ಇಟ್ಟ ಹಾಗೆ. ಆ 'ನಾನುನ್' ನೋಡಿ ನನಗೆ ಮೊದಲ ದಿನವೇ ನಗು ಬಂದಿತ್ತು. ಅಪ್ಪನಿಗೆ ಅವರೂ 'ಆಪ್ಪಾ' ಅಂತಾರೆ. ನೀನು-ನೀವು ವ್ಯತ್ಯಾಸ ಗೊತ್ತಿರೋ ನಮಗೆ ಅವರ ಮರ್ಯಾದೆ ಮಾತಿನ ತರ್ಕವೂ ಬೇಗ ಹತ್ತುತ್ತೆ. ಇಂಗ್ಲಿಷ್ ಮೂಲಕ ಕಲಿಸೋ ವಿಡಿಯೋ ನೋಡಿ ಗೊಂದಲ ಆದ್ರೆ ಮನಸ್ಸಲ್ಲಿ ಕನ್ನಡಕ್ಕೆ ತಿರುಗಿಸ್ಕೊಳ್ಳಿ, ಅರ್ಧ ವ್ಯಾಕರಣ ಬಿಡಿಸಿಕೊಳ್ಳುತ್ತೆ. ಶಬ್ದಗಳನ್ನ ಮಾತ್ರ ಬಾಯಿಪಾಠ ಮಾಡಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ.

ಸರಿ, ಕೊರಿಯಾ ನಮ್ಮನ್ನ ಯಾಕೆ ಇಷ್ಟು ಪ್ರೀತಿಯಿಂದ ಕರೀತಿದೆ? ಪ್ರೀತಿ ಏನಿಲ್ಲ, ಅಲ್ಲೂ ಲೆಕ್ಕವೇ. 2023ರಲ್ಲಿ ಅಲ್ಲಿನ ಜನನ ದರ ಒಬ್ಬ ಮಹಿಳೆಗೆ 0.72 ಮಗು. ಸೀಟುಗಳಿವೆ, ಕೂರೋ ಮಕ್ಕಳಿಲ್ಲ. ಚೆರ್ರಿ ಹೂ ಅರಳೋ ಕ್ರಮದಲ್ಲೇ ಯೂನಿವರ್ಸಿಟಿಗಳು ಮುಚ್ಚುತ್ತವೆ ಅಂತ ಅಲ್ಲೊಂದು ಕಹಿ ಮಾತಿದೆ. ಹೂ ಮೊದಲು ಅರಳೋದು ದಕ್ಷಿಣದಲ್ಲಿ, ಸೋಲ್‌ನಿಂದ ದೂರದ ಊರುಗಳಲ್ಲಿ. 2027ರ ಹೊತ್ತಿಗೆ ಮೂರು ಲಕ್ಷ ವಿದೇಶಿ ವಿದ್ಯಾರ್ಥಿಗಳನ್ನ ತರಬೇಕು ಅಂತ ಸರ್ಕಾರ 2023ರಲ್ಲಿ ಗುರಿ ಇಟ್ಟಿತು. 2024ಕ್ಕೇ ಸಂಖ್ಯೆ ಎರಡು ಲಕ್ಷ ದಾಟಿತ್ತು. ಹಾಗಾಗಿ ಅಡ್ಮಿಷನ್ ಲೆಟರ್ ಬಂತು ಅಂತ ಊರಿಗೆಲ್ಲ ಸಿಹಿ ಹಂಚೋ ಮೊದಲು ಆ ಯೂನಿವರ್ಸಿಟಿ ಎಂಥದ್ದು ಅಂತ ನೋಡಿ. ವಿದೇಶಿ ವಿದ್ಯಾರ್ಥಿಗಳನ್ನ ಸರಿಯಾಗಿ ನೋಡ್ಕೊಳ್ಳೋ ಯೂನಿವರ್ಸಿಟಿಗಳಿಗೆ ಅಲ್ಲಿನ ಸರ್ಕಾರ ಸರ್ಟಿಫಿಕೇಟ್ ಕೊಡುತ್ತೆ. ವಿದ್ಯಾರ್ಥಿಗಳು ಓದು ಬಿಟ್ಟು ನಾಪತ್ತೆ ಆಗೋ ಕಡೆ ವೀಸಾಗೇ ಕಡಿವಾಣ ಹಾಕುತ್ತೆ. ಪಟ್ಟಿ ಪ್ರಕಟ ಆಗುತ್ತೆ. ಏಜೆಂಟ್‌ಗೆ ದುಡ್ಡು ಕೊಡೋಕೆ ಮುಂಚೆ ಹುಡುಕಿ.

ಬ್ಯಾಂಕ್ ಬ್ಯಾಲೆನ್ಸ್ ಬಗ್ಗೆಯೂ ತುಂಬಾ ಜನ ಕೇಳಿದ್ದಾರೆ. ಡಿ-2ಗೆ ಸೋಲ್ ಸುತ್ತಮುತ್ತ ಆದ್ರೆ ಎರಡು ಕೋಟಿ ವನ್, ಬೇರೆ ಊರಾದ್ರೆ 1 ಕೋಟಿ 60 ಲಕ್ಷ ವನ್ ಖಾತೇಲಿ ತೋರಿಸಬೇಕು. ರೂಪಾಯಿಯಲ್ಲಿ ಸುಮಾರು 12 ಲಕ್ಷ, ಒಂಬತ್ತೂವರೆ ಲಕ್ಷ. ಇದು ಫೀಸ್ ಅಲ್ಲ, ನಿಮ್ಮ ಹತ್ರ ಇದೆ ಅನ್ನೋದಕ್ಕೆ ಸಾಕ್ಷಿ. "ನಾವೇ ತಾತ್ಕಾಲಿಕವಾಗಿ ಹಾಕಿ ತೋರಿಸ್ತೀವಿ, ಬಡ್ಡಿ ಕೊಟ್ರೆ ಸಾಕು" ಅನ್ನೋರ ಹತ್ರ ಹೋಗ್ಬೇಡಿ. ಆ ದುಡ್ಡು ನಿಜವಾಗಿ ಇಲ್ಲದವರೇ ಎರಡನೇ ಸೆಮಿಸ್ಟರ್ ಫೀಸ್ ಹೊತ್ತಿಗೆ ಅನುಮತಿ ಇಲ್ಲದ ಕೆಲಸಕ್ಕೆ ಇಳಿಯೋದು. ಸಿಕ್ಕಿಬಿದ್ರೆ ದಂಡ, ಕೆಲವೊಮ್ಮೆ ವಾಪಸ್ ಫ್ಲೈಟ್.

ದುಡ್ಡಿಲ್ಲ ಆದ್ರೆ ಮಾರ್ಕ್ಸ್ ಇದೆ ಅನ್ನೋರಿಗೆ ಕೊರಿಯಾ ಸರ್ಕಾರದ ಜಿಕೆಎಸ್ ಸ್ಕಾಲರ್‌ಶಿಪ್ ಇದೆ. ಫೀಸ್, ವಿಮಾನದ ಟಿಕೆಟ್, ತಿಂಗಳ ಖರ್ಚು ಎಲ್ಲ ಅವರದ್ದೇ. ಶೇ 80ರ ಆಸುಪಾಸು ಅಂಕ ಬೇಕು, ಡಿಗ್ರಿಗೆ 25 ವರ್ಷದೊಳಗೆ, ಮಾಸ್ಟರ್ಸ್‌ಗೆ 40ರೊಳಗೆ ಇರಬೇಕು. ಸ್ಪರ್ಧೆ ಜೋರು. ನನಗೆ ಇಷ್ಟ ಆಗೋ ಭಾಗ ಏನು ಅಂದ್ರೆ, ಎಲ್ಲ ಖರ್ಚು ಕೊಡೋ ಸರ್ಕಾರವೇ ಮೊದಲ ಒಂದು ವರ್ಷ ಬರೀ ಕೊರಿಯನ್ ಕಲಿಸುತ್ತೆ, 3ನೇ ಲೆವೆಲ್ ಪಾಸಾದ ಮೇಲೇ ಕ್ಲಾಸಿಗೆ ಬಿಡುತ್ತೆ. ಸ್ವಂತ ದುಡ್ಡಲ್ಲಿ ಹೋಗೋರು ಆ ಒಂದು ವರ್ಷವನ್ನ ಇಲ್ಲೇ, ಮನೆ ಊಟ ಮಾಡ್ಕೊಂಡು ಮುಗಿಸಬಹುದು. ಟಾಪಿಕ್ ಭಾರತದಲ್ಲೂ ನಡೆಯುತ್ತೆ. ಸ್ಕೋರಿಗೆ ಎರಡೇ ವರ್ಷ ಆಯಸ್ಸು, ಹಾಗಾಗಿ ಅರ್ಜಿ ಹಾಕೋ ವರ್ಷ ನೋಡ್ಕೊಂಡು ಬರೀರಿ. ಅಲ್ಲಿ ಸೆಮಿಸ್ಟರ್ ಶುರುವಾಗೋದು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ.

ರೂಮು, ಅಡ್ವಾನ್ಸು, ಸಸ್ಯಾಹಾರಿಗಳ ಪಾಡು, ಇದೆಲ್ಲ ಮುಂದಿನ ಎಪಿಸೋಡ್‌ಗೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಅಲ್ಲಿನ ಅಡ್ವಾನ್ಸ್ ಅಷ್ಟೇನೂ ಶಾಕ್ ಕೊಡಲ್ಲ ಬಿಡಿ.